‘ಜಿಂಜರ್’ ಯಾರ ಮನೆಯ ಪದ?

ಪ್ರಶ್ನೆ: ಇಂಗ್ಲಿಷಿನ ‘ಜಿಂಜರ್’ ಸಂಸ್ಕೃತದ ‘ಶೃಂಗವೇರ’ದಿಂದ ಬಂದಿದ್ದು, ಶುಂಠಿ ಕೊಂಬಿನ ಹಾಗೆ ಕಾಣುವುದರಿಂದ ಆ ಹೆಸರು ಎಂದು ಒಂದು ಕಡೆ ಓದಿದೆ. ಇನ್ನೊಂದು ಕಡೆ ಅದು ತಮಿಳಿನ ‘ಇಂಜಿ’ ಎಂದಿತ್ತು. ಜರ್ಮನಿಯಲ್ಲಿರುವ ನಮ್ಮ ಸೊಸೆ ಹೇಳುವ ಪ್ರಕಾರ ಅಲ್ಲಿ ಶುಂಠಿಗೆ ‘ಇಂಗ್ವರ್’ ಅಂತಾರಂತೆ. ‘ಇದು ಇಂಜಿ ವೇರ್ (ಇಂಜಿಯ ಬೇರು) ಅಲ್ವಾ ಮಾವ?’ ಅಂತ ಕೇಳುತ್ತಾಳೆ. ಯಾವುದು ಸರಿ? ಕನ್ನಡಕ್ಕೂ ಇದಕ್ಕೂ ಏನಾದರೂ ಸಂಬಂಧ ಇದೆಯಾ?

ಉತ್ತರ: ಚುಟುಕಾಗಿ ಹೇಳುವುದಾದರೆ, ಪದ ಹೊರಟಿದ್ದು ದಕ್ಷಿಣದಿಂದ. ಸಂಸ್ಕೃತದ ಶೃಂಗವೇರ ಅದರ ತಾಯಿಯಲ್ಲ, ಬೇಕಾದರೆ ಸೋದರಿ ಅನ್ನಬಹುದು. ನಿಮ್ಮ ಸೊಸೆಯ ಕಿವಿ ಚುರುಕಾಗಿದೆ. ಆದರೆ ಇಂಗ್ವರ್ ವಿಷಯದಲ್ಲಿ ಜರ್ಮನ್ ಭಾಷೆ ಅವರನ್ನು ಸ್ವಲ್ಪ ಯಾಮಾರಿಸಿದೆ. ಕನ್ನಡದ ಸಂಬಂಧ ಇದೆ, ಅದು ಪದದ ಬಾಲದಲ್ಲಿದೆ.

ಇಂಥ ಹುಡುಕಾಟವನ್ನು ಇವತ್ತಿನ ಇಂಗ್ಲಿಷಿನಿಂದಲೇ ಶುರು ಮಾಡಬೇಕು. ಜಿಂಜರ್ ಮತ್ತು ಇಂಜಿಯನ್ನು ಅಕ್ಕಪಕ್ಕ ಇಟ್ಟು ‘ನೋಡಿ, ಎಷ್ಟು ಹೋಲುತ್ತವೆ’ ಎಂದರೆ ಏನೂ ಸಾಬೀತಾಗುವುದಿಲ್ಲ. ಒಂದೊಂದೇ ಮೆಟ್ಟಿಲು ಹಿಂದಕ್ಕೆ ಇಳಿಯಬೇಕು. ಪ್ರತಿ ಮೆಟ್ಟಿಲಲ್ಲೂ ಎರಡು ಪ್ರಶ್ನೆ ಕೇಳಬೇಕು. ಆ ಕಾಲದ ಬರಹದಲ್ಲಿ ಈ ರೂಪ ನಿಜವಾಗಿ ಸಿಗುತ್ತದಾ? ಒಂದು ರೂಪದಿಂದ ಮುಂದಿನ ರೂಪ ಹುಟ್ಟಲು ಆ ಭಾಷೆಯ ಉಚ್ಚಾರಣೆಯ ನಿಯಮ ಒಪ್ಪುತ್ತದಾ?

13ನೇ ಶತಮಾನದ ಇಂಗ್ಲಿಷಿಗೆ ಹೋದರೆ ಜಿಂಜರ್ ಇನ್ನೂ ಪೂರ್ತಿ ಮೈಯಲ್ಲಿದೆ: ‘ಜಿಂಜಿವೆರೆ’. ನಡುವಿನ ವಕಾರ ಆಮೇಲೆ ಉದುರಿತು. ಆ ರೂಪದ ಹಿಂದೆ ಹಳೆ ಫ್ರೆಂಚಿನ ‘ಜಿಂಜಿವ್ರ್’ ಇದೆ. ಅದಕ್ಕೂ ಮೊದಲೇ, ಅಂದರೆ 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆಲ್ಲುವ ಮುಂಚೆಯೇ, ಹಳೆ ಇಂಗ್ಲಿಷಿನ ವೈದ್ಯದ ಬರಹಗಳಲ್ಲಿ ‘ಜಿಂಜಿಫರ್’ ಇತ್ತು. ಅದು ನೇರ ಲ್ಯಾಟಿನ್‌ನಿಂದ ಬಂದದ್ದು. ಅಂದರೆ ಇಂಗ್ಲಿಷಿನವರು ಒಂದೇ ಪದವನ್ನು ಎರಡು ಸಲ ತಂದುಕೊಂಡರು. ಮೊದಲು ಔಷಧಿಯ ಜೊತೆ, ಆಮೇಲೆ ಫ್ರೆಂಚ್ ದೊರೆಗಳ ಅಡುಗೆಮನೆಯ ಜೊತೆ.

ಲ್ಯಾಟಿನ್‌ನಲ್ಲಿ ಇದು ಮೊದಲು ‘ಝಿಂಗಿಬೆರಿ’, ಕೊನೆಗಾಲದ ಲ್ಯಾಟಿನ್‌ನಲ್ಲಿ ‘ಜಿಂಜಿಬೆರ್’. ಝ ಹೇಗೆ ಜ ಆಯಿತು ಎಂದು ಕೇಳಬಹುದು. ಇದು ಈ ಪದಕ್ಕೆ ಮಾತ್ರ ಆದದ್ದಲ್ಲ. ಇಂಗ್ಲಿಷಿನ ‘ಜೆಲಸ್’ ಕೂಡ ಲ್ಯಾಟಿನ್‌ನ ‘ಝೆಲೋಸುಸ್’ ಇಂದ ಹೀಗೇ ಬಂದಿದೆ. ಒಂದೇ ಬದಲಾವಣೆ ಬೇರೆ ಪದಗಳಲ್ಲೂ ಕಂಡರೆ ಮಾತ್ರ ನಂಬಬಹುದು. ಒಂದು ಪದಕ್ಕಾಗಿ ಒಂದು ನಿಯಮ ಹುಟ್ಟಿಸಿಕೊಂಡರೆ ಅದು ಸುಮ್ನೆ ಕತೆ.

ಲ್ಯಾಟಿನ್‌ಗೆ ಇದು ಗ್ರೀಕಿನ ‘ಝಿಂಗಿಬೆರಿಸ್’ ಇಂದ ಬಂತು. ಒಂದನೇ ಶತಮಾನದ ಗ್ರೀಕ್ ವೈದ್ಯ ಡಯೋಸ್ಕೊರಿಡಿಸ್ ಇದನ್ನು ವರ್ಣಿಸಿದ್ದಾನೆ. ಅದೇ ಕಾಲದ ರೋಮನ್ ಲೇಖಕ ಪ್ಲಿನಿಯೂ ಬರೆದಿದ್ದಾನೆ. ಪ್ಲಿನಿಯ ಮಾತು ಸ್ವಾರಸ್ಯವಾಗಿದೆ. ಶುಂಠಿ ಎಂದರೆ ಕಾಳುಮೆಣಸಿನ ಗಿಡದ ಬೇರು ಎಂದು ಆಗ ಕೆಲವರು ತಿಳಿದಿದ್ದರಂತೆ. ಅದು ತಪ್ಪು ಎಂದು ತಿದ್ದುತ್ತಾನೆ. ಬೆಲೆಯನ್ನೂ ಕೊಡುತ್ತಾನೆ: ಒಂದು ಪೌಂಡಿಗೆ 6 ದಿನಾರಿ (ರೋಮಿನ ಬೆಳ್ಳಿ ನಾಣ್ಯ). ಕರಿಮೆಣಸಿಗೆ ಬರೀ 4. ಆದರೆ ಅದು ಬೆಳೆಯುವುದು ಅರೇಬಿಯಾದಲ್ಲಿ ಮತ್ತು ಕೆಂಪು ಸಮುದ್ರದ ಆಚೆ ದಡದಲ್ಲಿ ಎಂದು ಬರೆದಿದ್ದಾನೆ. ಅರಬ್ ವ್ಯಾಪಾರಿಗಳ ಕೈಯಿಂದ ಕೊಂಡವರಿಗೆ ಸರಕಿನ ಊರು ಗೊತ್ತಿರಲಿಲ್ಲ. ಸರಕಿನ ಜೊತೆ ಹೆಸರು ಮಾತ್ರ ಹೋಗಿತ್ತು.

ಆ ಹೆಸರು ನಮ್ಮ ದೇಶದ್ದು ಎನ್ನಲು ಸಾಕ್ಷಿ ಪಾಳಿಯಲ್ಲಿದೆ. ಬೌದ್ಧ ಸಂಘದ ನಿಯಮಗಳ ಗ್ರಂಥವಾದ ವಿನಯಪಿಟಕದಲ್ಲಿ ಭಿಕ್ಷುಗಳು ಔಷಧಿಗಾಗಿ ಇಟ್ಟುಕೊಳ್ಳಬಹುದಾದ ಬೇರುಗಳ ಪಟ್ಟಿ ಇದೆ. ಅರಿಶಿನ, ಬಜೆ, ಲಾವಂಚದ ಜೊತೆ ‘ಸಿಂಗಿವೇರ’ ಬರುತ್ತದೆ. ಸಿಂಗಿವೇರ, ಝಿಂಗಿಬೆರಿಸ್. ಕೊನೆಯ ‘ಇಸ್’ ಗ್ರೀಕರು ತಮ್ಮ ವ್ಯಾಕರಣಕ್ಕೆ ಹೊಂದಿಸಲು ಸೇರಿಸಿಕೊಂಡ ಬಾಲ. ವಕಾರದ ಜಾಗದಲ್ಲಿ ಬಕಾರ ಬಂದಿರುವುದು ಅವರ ಲಿಪಿಯಲ್ಲಿ ಆ ದನಿಗೆ ಹತ್ತಿರದ ಅಕ್ಷರ ಅದೇ ಆಗಿದ್ದರಿಂದ.

ಇಲ್ಲಿಯವರೆಗಿನ ದಾರಿಯ ಬಗ್ಗೆ ವಿದ್ವಾಂಸರಲ್ಲಿ ಜಗಳವಿಲ್ಲ. ನಿಮ್ಮ ಪ್ರಶ್ನೆಯ ಗಂಟು ಇದರ ಮುಂದೆ ಇದೆ. ಸಂಸ್ಕೃತದಲ್ಲಿ ಶೃಂಗವೇರ, ಪಾಳಿಯಲ್ಲಿ ಸಿಂಗಿವೇರ. ಇವೆರಡರಲ್ಲಿ ಯಾವುದು ಮೊದಲು?

ಸಾಮಾನ್ಯವಾಗಿ ನಾವು ಸಂಸ್ಕೃತ ಮೊದಲು, ಪಾಳಿಯಂಥ ಪ್ರಾಕೃತ ಆಮೇಲೆ ಅಂದುಕೊಳ್ಳುತ್ತೇವೆ. ಹೆಚ್ಚಿನ ಪದಗಳಿಗೆ ಅದು ನಿಜವೂ ಹೌದು. ಆದರೆ ಇಲ್ಲಿ ಒಂದು ಸಣ್ಣ ಸ್ವರ ಗುಟ್ಟು ಬಿಟ್ಟುಕೊಡುತ್ತದೆ. ಸಂಸ್ಕೃತದ ಶೃಂಗ ಪಾಳಿಯಲ್ಲಿ ‘ಸಿಂಗ’ ಆಗುತ್ತದೆ. ಹಾಗಿದ್ದರೆ ಶೃಂಗವೇರ ‘ಸಿಂಗವೇರ’ ಆಗಬೇಕಿತ್ತು. ಪಾಳಿಯಲ್ಲಿ ಇರುವುದು ಸಿಂಗಿವೇರ. ಆ ‘ಗಿ’ ಎಲ್ಲಿಂದ ಬಂತು? ಗ್ರೀಕಿನಲ್ಲೂ ‘ಗಿ’ಯೇ ಇದೆ. ಅಂದರೆ ವ್ಯಾಪಾರಿಗಳ ಬಾಯಲ್ಲಿ ಓಡಾಡುತ್ತಿದ್ದ ರೂಪ ಸಿಂಗಿವೇರ. ಗ್ರೀಕರು ಕೇಳಿಸಿಕೊಂಡಿದ್ದು ಅದನ್ನೇ.

ಶೃಂಗವೇರ ಹೇಗೆ ಹುಟ್ಟಿತು ಎಂದು ಊಹಿಸುವುದು ಕಷ್ಟವಲ್ಲ. ಆಡುಮಾತಿನ ಸಿಂಗಿ ಎಂಬ ಪದ ಪಂಡಿತರ ಕೈಗೆ ಸಿಕ್ಕಿತು. ಪ್ರಾಕೃತದ ಸಿಂಗ ಸಂಸ್ಕೃತದಲ್ಲಿ ಶೃಂಗ ಎಂದು ಅವರಿಗೆ ಗೊತ್ತಿತ್ತು. ಹಾಗಾಗಿ ಇದಕ್ಕೂ ಅದೇ ಬಟ್ಟೆ ತೊಡಿಸಿದರು. ಶುಂಠಿ ಕವಲೊಡೆದು ಬೆಳೆಯುತ್ತದೆ, ಜಿಂಕೆಯ ಕೊಂಬಿನ ಹಾಗೆ ಕಾಣುತ್ತದೆ, ಅರ್ಥವೂ ಕೂಡಿಬಂತು. ‘ವೇರ’ ಎಂದರೆ ದೇಹ ಎಂದು ಕೋಶಗಳು ಬರೆದುಕೊಂಡವು. ಆ ಅರ್ಥದ ವೇರ ಕೋಶಗಳ ಹೊರಗೆ ಬಳಕೆಯಲ್ಲಿ ಸಿಗುವುದಿಲ್ಲ. ಕೋಶದಲ್ಲಿ ಮಾತ್ರ ಬದುಕಿರುವ ಪದ ಕಂಡರೆ ನನಗೆ ಯಾವಾಗಲೂ ಅನುಮಾನ. ಒಂದು ಪದವನ್ನು ವಿವರಿಸಲಿಕ್ಕಾಗಿಯೇ ಇನ್ನೊಂದು ಪದವನ್ನು ಹುಟ್ಟಿಸಿದ ಉದಾಹರಣೆಗಳು ಬೇಕಾದಷ್ಟಿವೆ. ಶಿರಸಿ ಹತ್ತಿರದ ಸೋದೆ ಬರಹದಲ್ಲಿ ಸುಧಾಪುರ ಆಗಲಿಲ್ವಾ, ಹಾಗೆ.

ಆದರೆ ‘ವೇರ್’ ಎಂಬುದು ದಕ್ಷಿಣದಲ್ಲಿ ಜೀವಂತ ಪದ. ತಮಿಳು, ಮಲಯಾಳದಲ್ಲಿ ವೇರ್, ತೆಲುಗಿನಲ್ಲಿ ವೇರು, ಕನ್ನಡದಲ್ಲಿ ಬೇರು, ತುಳುವಿನಲ್ಲೂ ಬೇರ್. ತಮಿಳು-ಮಲಯಾಳದ ವಕಾರ ಕನ್ನಡದಲ್ಲಿ ಬಕಾರ ಆಗುವುದು ನಮಗೆಲ್ಲ ಗೊತ್ತಿರುವ ಸಂಗತಿ: ವಾಯ್-ಬಾಯಿ, ವಿಲ್-ಬಿಲ್ಲು, ವೆಳ್ಳಿ-ಬೆಳ್ಳಿ, ವಾ-ಬಾ. ಶುಂಠಿಗೆ ತಮಿಳು ಮತ್ತು ಮಲಯಾಳದಲ್ಲಿ ‘ಇಂಜಿ’. ಇಂಜಿ-ವೇರ್ ಎಂದರೆ ಇಂಜಿಯ ಬೇರು. ನಾವು ಲಾವಂಚದ ಬೇರು, ಸೊಗದೆ ಬೇರು ಅನ್ನುವುದಿಲ್ವಾ, ಅದೇ ಧಾಟಿ. ಸಸ್ಯಶಾಸ್ತ್ರದವರು ಶುಂಠಿ ಬೇರಲ್ಲ, ನೆಲದಡಿಯ ಕಾಂಡ ಎಂದು ತಕರಾರು ತೆಗೆಯಬಹುದು. ಹೆಸರಿಟ್ಟವರು ಸಸ್ಯಶಾಸ್ತ್ರ ಓದಿರಲಿಲ್ಲ, ಬಿಡಿ. ಬೌದ್ಧರ ಆ ಹಳೆಯ ಪಟ್ಟಿಯೂ ಅದನ್ನು ಬೇರುಗಳ ಸಾಲಿನಲ್ಲೇ ಇಟ್ಟಿದೆ.

ಈಗ ಗಟ್ಟಿಯಾದ ಆಕ್ಷೇಪಣೆ. ಸಿಂಗಿವೇರದಲ್ಲಿ ಮೊದಲಿಗೆ ಸಕಾರ ಇದೆ. ಇಂಜಿಯಲ್ಲಿ ಇಲ್ಲ. ಸಿಂಗಿಯಲ್ಲಿ ಗ, ಇಂಜಿಯಲ್ಲಿ ಜ. ಹೋಲಿಕೆ ಚಂದ ಎಂದು ಇದನ್ನು ಮುಚ್ಚಿಹಾಕಿದರೆ ನಾವೂ ಶೃಂಗದವರ ಸಾಲಿಗೇ ಸೇರುತ್ತೇವೆ.

ಸಕಾರಕ್ಕೆ ಉತ್ತರ ಗೊಂಡಿಯಂಥ ಮಧ್ಯಭಾರತದ ದ್ರಾವಿಡ ಭಾಷೆಗಳಲ್ಲಿದೆ. ನಾವು ಆರು ಎನ್ನುವುದಕ್ಕೆ ಗೊಂಡಿಯಲ್ಲಿ ‘ಸಾರುಂಗ್’. ನಮ್ಮ ಉಪ್ಪು ಅಲ್ಲಿ ‘ಸೋವರ್’. ನಮ್ಮ ಈಚಲು ಅಲ್ಲಿ ‘ಸಿಂದಿ’. ನೋಡಿದಿರಾ? ಅಲ್ಲಿ ಸಕಾರ, ಇಲ್ಲಿ ಬರೀ ಸ್ವರ. ಇಂಥ ಜೋಡಿಗಳು ಸಾಕಷ್ಟಿವೆ. ಹಾಗಾಗಿ ಮೂಲದಲ್ಲಿ ಚಕಾರ ಇತ್ತು, ಅದು ಕೆಲವು ಕಡೆ ಸಕಾರವಾಗಿ ಉಳಿಯಿತು, ನಮ್ಮ ಕಡೆ ಅನೇಕ ಪದಗಳಲ್ಲಿ ಸವೆದು ಹೋಯಿತು ಎಂದು ಥಾಮಸ್ ಬರೋ, ಎಮೆನೋ, ಭದ್ರಿರಾಜು ಕೃಷ್ಣಮೂರ್ತಿಯವರಂಥ ದ್ರಾವಿಡ ಭಾಷಾಶಾಸ್ತ್ರಜ್ಞರು ತೋರಿಸಿದ್ದಾರೆ. ಇಂಜಿಯೂ ಒಂದು ಕಾಲಕ್ಕೆ ‘ಚಿಂಕಿ’ಯಂಥ ಪದ ಆಗಿತ್ತು ಎಂದರೆ ಲೆಕ್ಕ ಕೂಡುತ್ತದೆ. ಕ ಜಾಗದಲ್ಲಿ ಚ ಬರುವುದೂ ತಮಿಳು-ಮಲಯಾಳದ ಹಳೆ ಚಾಳಿ. ನಮ್ಮ ಕಿವಿ ಅವರಿಗೆ ಚೆವಿ, ನಮ್ಮ ಗೆಯ್ (ಮಾಡು) ಅವರಿಗೆ ಚೆಯ್. ಈ ಉದಾಹರಣೆಗಳು ಪದದ ಮೊದಲ ಅಕ್ಷರದವು, ಇಂಜಿಯಲ್ಲಿ ಆಗಿರುವುದು ನಡುವೆ. ಆದರೂ ಹಿಂದೆ ಇಕಾರ ಇರುವಾಗ ಇದು ಅಸಹಜ ಏನಲ್ಲ. ಅಂದರೆ ಉತ್ತರದವರು ಈ ಪದವನ್ನು ತೆಗೆದುಕೊಂಡಾಗ ಸಕಾರ ಅಥವಾ ಚಕಾರ ಇನ್ನೂ ಉದುರಿರಲಿಲ್ಲ. ಪಾಳಿಯ ಸಿಂಗಿವೇರ ಆ ಹಳೆಯ ಉಚ್ಚಾರಣೆಯನ್ನು ಹಿಡಿದಿಟ್ಟುಕೊಂಡಿದೆ. ಪದ ತವರಿನಲ್ಲಿ ಬದಲಾಯಿತು, ಹೋದ ಊರಿನಲ್ಲಿ ಹಾಗೇ ಉಳಿಯಿತು. ಹೆಚ್ಚಿನ ವಿದ್ವಾಂಸರು ದ್ರಾವಿಡ ಮೂಲವನ್ನು ಒಪ್ಪಲು ಮುಖ್ಯ ಕಾರಣ ಇದೇ. ನನಗೂ ಇದೇ ಸರಿ ಕಾಣುತ್ತದೆ. ಈ ಒಂದು ಪದದ ಮೇಲೆ ಅಲನ್ ರಾಸ್ ಎಂಬ ಇಂಗ್ಲಿಷ್ ಭಾಷಾಶಾಸ್ತ್ರಜ್ಞ 1952ರಲ್ಲಿ ಒಂದು ಪುಸ್ತಕವನ್ನೇ ಬರೆದರು ಎಂದರೆ ಇದರ ಒಳಗೆ ಎಷ್ಟು ಸರಕಿದೆ ಎಂದು ಊಹಿಸಿ.

ಹಾಗಾದರೆ ಕನ್ನಡದವರು ಖುಷಿಪಡಬಹುದಾ? ಝಿಂಗಿಬೆರಿಸ್‌ನ ‘ಬೆರ್’ ನಮ್ಮ ಬೇರೇ, ಆದ್ದರಿಂದ ಪದ ಕನ್ನಡದಿಂದಲೇ ಹೋಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕನ್ನಡದಲ್ಲಿ ವಕಾರ ಬಕಾರ ಆಗಿದ್ದು ತುಂಬ ಹಳೆಯದು, ನಿಜ. 5ನೇ ಶತಮಾನದ ಹಲ್ಮಿಡಿ ಶಾಸನದಲ್ಲೇ ‘ಬಾಳ್ಗಳ್ಚು’ ಎಂದಿದೆ; ಕತ್ತಿ ಎಂಬ ಅರ್ಥದ ಪದ ಅಲ್ಲಿ ಬಾಳ್, ವಾಳ್ ಅಲ್ಲ. ಆದರೆ ಗ್ರೀಕರ ಬಕಾರಕ್ಕೆ ಕಾರಣ ಅವರ ಅಕ್ಷರ, ನಮ್ಮ ಉಚ್ಚಾರಣೆಯಲ್ಲ. ನಡುವಿನ ಪಾಳಿಯಲ್ಲಿ ವಕಾರ ಇದೆಯಲ್ಲ. ಬೇರು ಮತ್ತು ಬೆರ್ ಎರಡೂ ಒಂದೇ ವೇರ್‌ನ ಮಕ್ಕಳು. ಬಕಾರವನ್ನು ಮಾತ್ರ ಇಬ್ಬರೂ ತಮ್ಮ ತಮ್ಮ ಮನೆಯಲ್ಲಿ ಬೇರೆ ಬೇರೆಯಾಗಿ ಪಡೆದುಕೊಂಡರು.

ನಿಮ್ಮ ಸೊಸೆಯ ಇಂಗ್ವರ್ ಕತೆಯೂ ಇಂಥದ್ದೇ, ಇನ್ನೂ ಮಜವಾಗಿದೆ. ಇಂಗ್ವರ್, ಇಂಜಿ ವೇರ್. ಕೇಳಿದರೆ ಚೆನ್ನೈ ಬಂದರಿನಿಂದ ನೇರ ಹ್ಯಾಂಬರ್ಗಿಗೆ ಹಡಗು ಹೋದ ಹಾಗಿದೆ. ಆದರೆ ಹಳೆ ಜರ್ಮನ್ ಬರಹಗಳನ್ನು ತೆರೆದರೆ ‘ಗಿಂಗಿಬೆರೊ’ ಸಿಗುತ್ತದೆ. ಅದು ಲ್ಯಾಟಿನ್‌ನಿಂದ ಬಂದದ್ದು. ಮೊದಲಿನ ಗಕಾರ ಆಮೇಲೆ ಜರ್ಮನ್ ನೆಲದಲ್ಲೇ ಉದುರಿತು, ‘ಇಂಗೆವರ್’ ಆಯಿತು, ಕೊನೆಗೆ ಇಂಗ್ವರ್. ತಮಿಳಿನಲ್ಲಿ ಸಕಾರ ಉದುರಿದ್ದಕ್ಕೂ ಜರ್ಮನ್‌ನಲ್ಲಿ ಗಕಾರ ಉದುರಿದ್ದಕ್ಕೂ ಒಂದಕ್ಕೊಂದು ಸಂಬಂಧವಿಲ್ಲ. ಎರಡು ಸಾವಿರ ವರ್ಷದಲ್ಲಿ ಪದ ಅರ್ಧ ಲೋಕ ಸುತ್ತಿ, ಅಕಸ್ಮಾತ್ತಾಗಿ ಶುರುವಿನ ಮುಖವನ್ನೇ ಮತ್ತೆ ಪಡೆಯಿತು. ಸೊಸೆಗೆ ಹೇಳಿ: ನೆಂಟಸ್ತಿಕೆ ನಿಜ, ಅವರು ಹೇಳಿದ ದಾರಿ ಮಾತ್ರ ಅಲ್ಲ. ಇದೇ ಜರ್ಮನ್ ರೂಪ ಪೋಲೆಂಡಿನ ಕಡೆ ಹೋಗಿ ‘ಇಂಬಿರ್’ ಆಗಿದೆ. ಫ್ರೆಂಚರು ನಡುವೆ ಒಂದು ಮಕಾರ ಸೇರಿಸಿಕೊಂಡು ‘ಜೆಂಜಾಂಬ್ರ್’ ಅನ್ನುತ್ತಾರೆ. ಇಟಲಿಯವರದು ‘ಝೆಂಝೆರೊ’. ಇಷ್ಟು ಮುಖಗಳ ನಡುವೆ ಹೋಲಿಕೆಯನ್ನು ಮಾತ್ರ ನಂಬಿ ಹೊರಟರೆ ದಾರಿ ತಪ್ಪುವುದು ಗ್ಯಾರಂಟಿ.

ಪಶ್ಚಿಮಕ್ಕೆ ಇನ್ನೊಂದು ದಾರಿಯೂ ಇತ್ತು. ನಡುಗಾಲದ ಪರ್ಷಿಯನ್ ಮತ್ತು ಅರಾಮಿಕ್ ಮೂಲಕ ಇದೇ ಪದ ಅರಬ್ಬಿಯಲ್ಲಿ ‘ಝಂಜಬೀಲ್’ ಆಯಿತು. ಕುರಾನಿನ 76ನೇ ಅಧ್ಯಾಯದಲ್ಲಿ ಸ್ವರ್ಗದ ಪಾನೀಯಕ್ಕೆ ಬೆರೆಸುವ ವಸ್ತುವಾಗಿ ಇದರ ಹೆಸರು ಬರುತ್ತದೆ. ಆಫ್ರಿಕಾದ ಜಾಂಜಿಬಾರ್ ದ್ವೀಪಕ್ಕೆ ಈ ಝಂಜಬೀಲ್‌ನಿಂದ ಹೆಸರು ಬಂತು ಎಂದು ಹೇಳುವವರಿದ್ದಾರೆ. ಅದು ತಪ್ಪು. ಅದು ಪರ್ಷಿಯನ್‌ನ ಝಂಗ್-ಬಾರ್, ಕಪ್ಪು ಜನರ ಕರಾವಳಿ ಎಂಬ ಅರ್ಥದ್ದು. ಶುಂಠಿಯ ಊರು ಯಾವುದು ಎಂದು ಯುರೋಪಿನ ವ್ಯಾಪಾರಿಗಳಿಗೆ ನಿಧಾನಕ್ಕೆ ಗೊತ್ತಾಯಿತು. 14ನೇ ಶತಮಾನದಲ್ಲಿ ಫ್ಲಾರೆನ್ಸಿನ ಪೆಗೊಲೊಟ್ಟಿ ಬರೆದಿಟ್ಟ ವ್ಯಾಪಾರದ ಕೈಪಿಡಿಯಲ್ಲಿ ಶುಂಠಿಯ ತಳಿಗಳಲ್ಲಿ ಒಂದಕ್ಕೆ ‘ಕೊಲೊಂಬಿನೊ’ ಎಂಬ ಹೆಸರಿದೆ. ಅದು ಕೇರಳದ ಕೊಲ್ಲಂ ಬಂದರಿನ ಶುಂಠಿ.

ನಿಮಗೆ ಇಷ್ಟರಲ್ಲಿ ಒಂದು ಪ್ರಶ್ನೆ ಬಂದಿರಬೇಕು. ಇಂಜಿ ಇಷ್ಟು ಹಳೆಯ ದ್ರಾವಿಡ ಪದವಾದರೆ ಕನ್ನಡದಲ್ಲಿ ಯಾಕೆ ನಾವು ಶುಂಠಿ ಅನ್ನುತ್ತೇವೆ? ಮಲೆನಾಡಿನಲ್ಲಿ ಜಮೀನು ಗುತ್ತಿಗೆ ಹಿಡಿದು ಶುಂಠಿ ಹಾಕುವ ಕೇರಳದವರ ಬಾಯಲ್ಲಿ ಮಾತ್ರ ಇಂಜಿ ಕೇಳುತ್ತೇವೆ. ನಮ್ಮದು ಸಂಸ್ಕೃತದ ಶುಂಠೀ. ಸಂಸ್ಕೃತದಲ್ಲಿ ಅದರ ಅರ್ಥ ಒಣಗಿಸಿದ ಶುಂಠಿ ಮಾತ್ರ, ಹಿಂದಿಯ ಸೋಂಠ್ ಇದ್ದ ಹಾಗೆ. ನಾವು ಅದನ್ನೇ ಎರಡಕ್ಕೂ ಹಿಗ್ಗಿಸಿ, ಹಸಿ ಶುಂಠಿ, ಒಣ ಶುಂಠಿ ಎಂದು ಬೇರೆ ಮಾಡಿಕೊಂಡೆವು. ಹಸಿಯದಕ್ಕೆ ಸಂಸ್ಕೃತದಲ್ಲಿ ಆರ್ದ್ರಕ, ಅಂದರೆ ಒದ್ದೆಯಾದದ್ದು. ಹಿಂದಿಯ ಅದ್ರಕ್ ಅದೇ. ಈ ಆರ್ದ್ರ ಪ್ರಾಕೃತದಲ್ಲಿ ‘ಅಲ್ಲ’ ಆಗಿ, ತೆಲುಗಿನಲ್ಲಿ ಅಲ್ಲಂ, ನಮ್ಮ ಉತ್ತರ ಕರ್ನಾಟಕದಲ್ಲಿ ‘ಅಲ್ಲ’ ಆಗಿ ಕೂತಿದೆ. ಹುಬ್ಬಳ್ಳಿ ಕಡೆ ಅಲ್ಲ-ಬೆಳ್ಳುಳ್ಳಿ ಎಂದರೆ ಮೈಸೂರಿನವರು ಒಂದು ಕ್ಷಣ ‘ಅಲ್ಲದಿದ್ದರೆ ಇನ್ನೇನು’ ಎಂದು ನೋಡುತ್ತಾರೆ. ರೈತರ ಬಾಯಿಯ ಆರಿದ್ರಾ ಮಳೆಯಲ್ಲಿರುವುದೂ ಇದೇ ಒದ್ದೆಯ ಆರ್ದ್ರ.

ಇನ್ನು ಇಂಜಿಯೇ ಕೊನೆಯ ಮೆಟ್ಟಿಲಾ? ಅದರ ಕೆಳಗೂ ಒಂದು ಇರುವ ಹಾಗಿದೆ. ಶುಂಠಿ ಗಿಡ ಕಾಡಿನಲ್ಲಿ ತಾನಾಗಿ ಬೆಳೆದದ್ದು ಎಲ್ಲೂ ಕಂಡಿಲ್ಲ. ಅದು ಮನುಷ್ಯ ಸಾಕಿದ ಗಿಡ, ತವರು ಆಗ್ನೇಯ ಏಷ್ಯಾದ ಕಡೆ ಎಂಬುದು ಸಸ್ಯತಜ್ಞರ ಅಭಿಪ್ರಾಯ. ಅಲ್ಲಿನ ಹೆಸರುಗಳನ್ನು ನೋಡಿ: ಥಾಯ್‌ನಲ್ಲಿ ‘ಖಿಂಗ್’, ವಿಯೆಟ್ನಾಮಿನಲ್ಲಿ ‘ಗುಂಗ್’ ಎನ್ನುವ ಹಾಗೆ, ಚೀನಿಯಲ್ಲಿ ‘ಜಿಯಾಂಗ್’. ಗಿಡ ಪೂರ್ವದಿಂದ ಬರುವಾಗ ತನ್ನ ಹೆಸರನ್ನೂ ತಂದಿತು, ಅದು ನಮ್ಮಲ್ಲಿ ಇಂಜಿ ಆಯಿತು ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಆದರೆ ಇಲ್ಲಿ ಮೇಲಿನ ಮೆಟ್ಟಿಲುಗಳಷ್ಟು ಬಿಗಿಯಾದ ಸಾಕ್ಷಿ ಇಲ್ಲ. ಇದು ಇವತ್ತಿಗೂ ಒಂದು ಒಳ್ಳೆಯ ಊಹೆ ಮಾತ್ರ. ಹಾಗಾಗಿ ನೀವು ಯಾರ ಜೊತೆಯಾದರೂ ಪಣ ಕಟ್ಟುವುದಿದ್ದರೆ ‘ಇಂಜಿ’ಯ ಮೇಲೆ ಕಟ್ಟಬೇಡಿ, ‘ವೇರ್’ ಮೇಲೆ ಕಟ್ಟಿ. ಇಂಜಿ ಹೊರಗಿನದೇ ಆದರೂ ವೇರ್ ಖಂಡಿತ ದಕ್ಷಿಣದ್ದು. ಅಷ್ಟೇ ಅಲ್ಲ, ಇಂಗ್ಲಿಷಿಗೆ ಅದು ಎರಡು ಸಲ ಹೋಗಿದೆ. ಲಾವಂಚಕ್ಕೆ ಇಂಗ್ಲಿಷಿನಲ್ಲಿ ‘ವೆಟಿವರ್’ ಅಂತಾರಲ್ಲ, ಅತ್ತರಿನ ಬಾಟಲಿಗಳ ಮೇಲೆ ನೋಡಿರುತ್ತೀರಿ. ಅದು ತಮಿಳಿನ ವೆಟ್ಟಿವೇರ್, ಫ್ರೆಂಚ್ ಮೂಲಕ 19ನೇ ಶತಮಾನದಲ್ಲಿ ಇಂಗ್ಲಿಷಿಗೆ ಬಂದದ್ದು. ತಡವಾಗಿ ಹೋಗಿದ್ದರಿಂದ ಅದರ ವೇರ್ ಇನ್ನೂ ಮುಕ್ಕಾಗಿಲ್ಲ. ಜಿಂಜರ್‌ನಲ್ಲಿ ಅದು ಸವೆದು ಸವೆದು ಬರೀ ‘ಅರ್’ ಉಳಿದಿದೆ.

ಎರಡು ಸಣ್ಣ ಎಚ್ಚರಿಕೆ ಕೊಟ್ಟು ಮುಗಿಸುತ್ತೇನೆ, ಯಾಕೆಂದರೆ ಇದರ ಬೆನ್ನಿಗೇ ಬರುವ ಪ್ರಶ್ನೆಗಳು ಇವು. ‘ಜಿಂಜರ್‌ಬ್ರೆಡ್’ನ ಬ್ರೆಡ್‌ಗೂ ರೊಟ್ಟಿಗೂ ಮೂಲದಲ್ಲಿ ಸಂಬಂಧವಿಲ್ಲ. ಹಳೆ ಫ್ರೆಂಚಿನಲ್ಲಿ ಸಕ್ಕರೆ ಪಾಕದಲ್ಲಿ ಇಟ್ಟ ಶುಂಠಿಗೆ ‘ಜಿಂಜೆಂಬ್ರಾಸ್’ ಎನ್ನುತ್ತಿದ್ದರು. ಇಂಗ್ಲಿಷಿನವರ ಕಿವಿಗೆ ಆ ಬಾಲ ಬ್ರೆಡ್ ಎಂದು ಕೇಳಿಸಿತು, ಆಮೇಲೆ ಪದಕ್ಕೆ ತಕ್ಕ ಹಾಗೆ ತಿಂಡಿಯೇ ಬದಲಾಯಿತು. ಇನ್ನು ಹುಷಾರಾಗಿ, ಮೆಲ್ಲಗೆ ಎಂಬ ಅರ್ಥದ ‘ಜಿಂಜರ್‌ಲಿ’ ಶುಂಠಿಯ ಪೈಕಿಯೇ ಅಲ್ಲ. ಅದು ಬಹುಶಃ ನಾಜೂಕು ಎಂಬ ಅರ್ಥದ ಹಳೆ ಫ್ರೆಂಚ್ ‘ಜೆನ್ಸೋರ್’ ಇಂದ ಬಂದದ್ದು.